ಎಡವಿದ ಕಾಲೇ ಎಡವುವುದು ಹೆಚ್ಚು

ಹೆಬ್ಬೆರಳಿನ ಉಗುರು ಒಮ್ಮೆಯಾದರೂ ಎದ್ದುಹೋದವರಿಗೆ ಈ ಗಾದೆಯನ್ನು ಬಿಡಿಸಿ ಹೇಳಬೇಕಿಲ್ಲ. ಬರಿಗಾಲಲ್ಲಿ ಓಡುವಾಗ ಕಲ್ಲಿಗೆ ತಗುಲಿ ಬೆರಳು ಒಡೆಯುತ್ತದೆ. ಅರಿಸಿನ ಮೆತ್ತಿ ಬಟ್ಟೆ ಸುತ್ತುತ್ತಾರೆ. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಬೆರಳು ಹೊಸ್ತಿಲಿಗೆ ಬಡಿಯುತ್ತದೆ. ನಂದಗುಡಿಯ ನಮ್ಮ ಮನೆಯಲ್ಲಿ ಆಗ ಅಜ್ಜಿ ಹೇಳುತ್ತಿದ್ದುದು ಎರಡೇ ಮಾತು. ಮೊದಲನೆಯದು ಈ ಗಾದೆ. ಎರಡನೆಯದು, ‘ಕಾಲು ಎತ್ತಿಟ್ಟು ನಡಿಯಪ್ಪ.’ ಗಾದೆ ನೆನಪಿನಲ್ಲಿ ಉಳಿಯಿತು, ಎರಡನೆಯ ಮಾತು ಮರೆತೇಹೋಗಿತ್ತು. ಅದಿಲ್ಲದೆ ಗಾದೆ ಅರ್ಧ ಎಂದು ತಿಳಿದದ್ದು ತೀರಾ ಈಚೆಗೆ, ಮೊಬೈಲಿನಲ್ಲಿ ಚೆಸ್ ಆಡುತ್ತ ಆಡುತ್ತ.

ಮಾತಿನ ನಡುವೆ ನಾವು ಇದನ್ನು ಹಣೆಬರಹದ ಗಾದೆಯಾಗಿ ಬಳಸುತ್ತೇವೆ. ಬೋರ್‌ವೆಲ್ ಬತ್ತಿದ ವರ್ಷವೇ ರೇಷ್ಮೆ ಹುಳುವಿಗೆ ಹಾಲುತೊಂಡೆ ಬಂದರೆ, ಸಾಲ ತೀರಿಸಿದ ತಿಂಗಳೇ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರೆ, ‘ಎಡವಿದ ಕಾಲೇ ಎಡವೋದು ಬಿಡಪ್ಪ’ ಎಂದು ಸಮಾಧಾನ ಹೇಳುತ್ತೇವೆ. ಆ ಬಳಕೆ ತಪ್ಪಲ್ಲ. ಆದರೆ ಗಾದೆ ಕಟ್ಟಿದವರು ಹಣೆಯ ಮಾತೆತ್ತಲಿಲ್ಲ, ಕಾಲಿನ ಮಾತೆತ್ತಿದರು. ಕಾಲು ನಮ್ಮದು. ಎಲ್ಲಿಡುತ್ತೇವೆ, ಎಷ್ಟು ಎತ್ತುತ್ತೇವೆ ಎಂಬುದೂ ನಮ್ಮದೇ. ಕೊನೆಯ ‘ಹೆಚ್ಚು’ ಎಂಬ ಪದವನ್ನೂ ಗಮನಿಸಬೇಕು. ಎಂದೆಂದಿಗೂ ಎಡವುತ್ತದೆ ಎಂದು ಶಾಪ ಹಾಕದೆ, ಹೆಚ್ಚಾಗಿ ಎಡವುತ್ತದೆ ಎಂದಷ್ಟೇ ಹೇಳಿ ಗಾದೆ ಸುಮ್ಮನಾಗುತ್ತದೆ. ಇದು ಕಂಡು, ಎಣಿಸಿ ಆಡಿದ ಮಾತು.

ನಾನೂ ಎಣಿಸಿದೆ. ರಾತ್ರಿ ಊಟವಾದ ಮೇಲೆ ಲಿಚೆಸ್‌ನಲ್ಲಿ 10 ನಿಮಿಷದ ಆಟ ಎರಡೋ ಮೂರೋ ಆಡುವುದು ರೂಢಿ. 2010ರಲ್ಲಿ ಶುರುವಾದ ಆ ತಾಣಕ್ಕೆ ದುಡ್ಡು ಕೊಡಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. ಅರಳಿಕಟ್ಟೆಯ ಚಪ್ಪಡಿಯ ಮೇಲೆ ಗೆರೆ ಎಳೆದು ಹುಲಿ-ಕುರಿ ಆಡಿ ಬೆಳೆದವನಿಗೆ, ನಡುರಾತ್ರಿಯಲ್ಲೂ ಲೋಕದ ಯಾವುದೋ ಮೂಲೆಯ ಒಬ್ಬ ಎದುರಾಳಿ ಅರೆಕ್ಷಣದಲ್ಲಿ ಸಿಗುತ್ತಾನೆಂಬುದು ಇವತ್ತಿಗೂ ಸೋಜಿಗವೇ. ವರ್ಷಗಟ್ಟಲೆ ಆಡಿದರೂ ರೇಟಿಂಗ್ ಇದ್ದಲ್ಲೇ ಇತ್ತು. ಕೊನೆಗೆ ಒಂದು ನೋಟ್‌ಬುಕ್ ತೆಗೆದು, ಸೋತ ಆಟಗಳ ಬಗ್ಗೆ ಮಾತ್ರ ಒಂದೊಂದು ಸಾಲು ಬರೆಯತೊಡಗಿದೆ. ಯಾವ ನಡೆಯಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು. ಅಷ್ಟೇ.

30 ಆಟ ತುಂಬಿದಾಗ ಓದಿ ನೋಡಿದೆ. ಓಪನಿಂಗ್ ತಿಳಿಯದೆ ಸೋತದ್ದು ಎರಡೇ ಆಟ. ಅಷ್ಟು ದಿನ ನಾನು ಕೂತು ಕಲಿತದ್ದೆಲ್ಲ ಓಪನಿಂಗ್ ವಿಡಿಯೊಗಳನ್ನು! ಹತ್ತೊಂಬತ್ತು ಸೋಲುಗಳ ಸಾಲು ಹೆಚ್ಚುಕಡಿಮೆ ಒಂದೇ ಥರ ಇತ್ತು: ನಾನು ದಾಳಿಯಲ್ಲಿದ್ದೆ, ಅವನ ನಡೆ ನೋಡಲಿಲ್ಲ.

ಒಂದನ್ನು ಬಿಡಿಸಿ ಹೇಳುತ್ತೇನೆ. ನನ್ನ ರಾಜ ಕ್ಯಾಸಲಿಂಗ್ ಮಾಡಿಕೊಂಡು ಮೂಲೆಯಲ್ಲಿ ಬೆಚ್ಚಗಿದ್ದ. ಅವನ ಮುಂದೆ ಮೂರು ಪದಾತಿಗಳು ಇದ್ದಲ್ಲೇ ನಿಂತಿದ್ದವು. ಕುದುರೆ ಎದುರಾಳಿಯ ಕೋಟೆಯೊಳಗೆ ನುಗ್ಗಿತ್ತು, ಮಂತ್ರಿ ಅದರ ಬೆನ್ನಿಗಿತ್ತು. ಇನ್ನೊಂದು ಕಾಯಿ ಸೇರಿದರೆ ಕೆಲಸ ಮುಗಿಯಿತು ಎಂದು ಮೊದಲ ಸಾಲಿನಲ್ಲಿ ಕಾವಲಿದ್ದ ಆನೆಯನ್ನೂ ಎತ್ತಿ ಮುಂದಕ್ಕೆ ತಂದೆ. ಎದುರಾಳಿಯ ಆನೆ ನೇರ ಇಳಿದು ಬಂದು ನನ್ನ ಮೊದಲ ಸಾಲಿನಲ್ಲಿ ಕೂತಿತು. ರಾಜನಿಗೆ ಹೋಗಲು ದಾರಿಯಿಲ್ಲ, ದಾರಿ ಕಟ್ಟಿದ್ದು ಅವನದೇ ಮೂರು ಪದಾತಿಗಳು. ಚೆಕ್‌ಮೇಟ್. ಚೆಸ್ ಕಲಿತ ಮೊದಲ ತಿಂಗಳಲ್ಲೇ ಹೇಳಿಕೊಡುವ ಪಾಠ ಇದು, ನನಗೂ ಗೊತ್ತಿತ್ತು. ಎಂಟು ದಿನದ ಹಿಂದೆ ಇದೇ ರೀತಿ ಸೋತೂ ಇದ್ದೆ.

ಗೊತ್ತಿದ್ದೂ ಎಡವುವುದೇಕೆ? ಅಜ್ಜಿಯ ಗಾದೆ ನನಗೆ ಹೊಸದಾಗಿ ಕಾಣಿಸಿದ್ದು ಇಲ್ಲಿಯೇ. ನಿಂತ ಕಾಲು ಎಡವುವುದಿಲ್ಲ, ಮುಂದಕ್ಕೆ ಹೋಗುವ ಕಾಲೇ ಎಡವುವುದು. ಯಾವ ಕಾಲನ್ನು ಹುಮ್ಮಸ್ಸಿನಿಂದ ಮುಂದಿಡುತ್ತೇವೋ ಅದೇ ಕಲ್ಲಿಗೆ ಬಡಿಯುತ್ತದೆ. ನನ್ನ ಆಟದ ಬಲ ದಾಳಿ. ಕುದುರೆ ಒಂದೇ ನೆಗೆತಕ್ಕೆ ರಾಜನನ್ನೂ ಆನೆಯನ್ನೂ ಗುರಿಯಿಡುವ ಮನೆ ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ಗೆದ್ದ ಆಟಗಳೆಲ್ಲ ಹಾಗೆ ಗೆದ್ದವು. ಸೋತವೂ ಹಾಗೆಯೇ ಸೋತವು. ಬಲಹೀನತೆ ಬೇರೆಲ್ಲೋ ಕೂತಿರುತ್ತದೆ, ಹುಡುಕಿ ಕಿತ್ತುಹಾಕಬೇಕು ಎಂದುಕೊಂಡಿದ್ದೆ. ಅದು ಬಲದ ಪಕ್ಕದಲ್ಲೇ, ಅದೇ ಪಾದದಲ್ಲೇ ಇತ್ತು. ನನ್ನ ಜೊತೆ ಆಗಾಗ ಆಡುವ ಗೆಳೆಯನೊಬ್ಬನದು ಇದರ ತಿರುವು: ಅವನು ಎಲ್ಲವನ್ನೂ ಭದ್ರಮಾಡಿಕೊಳ್ಳುತ್ತಾನೆ, ಒಂದು ಪದಾತಿಯನ್ನೂ ಬಿಟ್ಟುಕೊಡುವುದಿಲ್ಲ. ಹತ್ತರಲ್ಲಿ ಆರು ಸಲ ಗಡಿಯಾರದ ಮುಂದೆ ಸೋಲುತ್ತಾನೆ.

ಇದು ನಮ್ಮಂಥ ಹವ್ಯಾಸಿಗಳ ಪಾಡು ಮಾತ್ರವೂ ಅಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ, ಅದೇ ಕೊನೆಯದು. ಡಿಂಗ್ ಲಿರೆನ್ ಮತ್ತು ಗುಕೇಶ್ ತಲಾ 6.5 ಅಂಕದಲ್ಲಿದ್ದರು. ಆಟ ಡ್ರಾ ಕಡೆಗೆ ಸಾಗಿತ್ತು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2 ಮನೆಗೆ ತಂದು, ಆನೆಗಳನ್ನು ಕಡಿದುಕೊಳ್ಳೋಣ ಎಂದರು. ಆನೆಗಳು ಹೋದ ಮೇಲೆ ಮೂಲೆಯಲ್ಲಿದ್ದ ಅವರ ಒಂಟೆಗೂ ಉಳಿಗಾಲವಿರಲಿಲ್ಲ. ಎರಡು ಜೋಡಿ ಕಾಯಿಗಳೂ ಹೋಗಿ ಬರೀ ರಾಜ-ಪದಾತಿಗಳು ಉಳಿದವು, ಅದರಲ್ಲಿ ಗುಕೇಶ್‌ಗೆ ಒಂದು ಪದಾತಿ ಹೆಚ್ಚು. 18 ವರ್ಷದ ಹುಡುಗ ವಿಶ್ವ ಚಾಂಪಿಯನ್ ಆದ. ಆಟವನ್ನು ತಿಳಿಮಾಡಿ ಡ್ರಾ ಕಡೆಗೆ ಒಯ್ಯುವುದರಲ್ಲಿ ಡಿಂಗ್ ಪಳಗಿದವರು. ಆ ಸರಣಿಯಲ್ಲಿ ಅವರನ್ನು ಉಳಿಸಿದ್ದೂ ಬಹುಮಟ್ಟಿಗೆ ಆ ಗುಣವೇ. ಕೊನೆಯ ದಿನ ಅವರು ಮುಂದಿಟ್ಟದ್ದೂ ಅದೇ ಕಾಲು ಎಂದು ನನಗನ್ನಿಸುತ್ತದೆ.

ಹಾಗಾದರೆ ಬಲ್ಲವರಿಗೂ ನಮಗೂ ವ್ಯತ್ಯಾಸವೇನು? ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ 1940ರ ಹೊತ್ತಿಗೆ ಇದನ್ನೇ ಕೇಳಿಕೊಂಡು, ಗ್ರ್ಯಾಂಡ್‌ಮಾಸ್ಟರ್‌ಗಳಿಗೂ ಕ್ಲಬ್ ಆಟಗಾರರಿಗೂ ಒಂದೇ ಸ್ಥಿತಿಯನ್ನು ತೋರಿಸಿ ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಲು ತಿಳಿಸಿದರು. ಎಷ್ಟು ನಡೆ ಮುಂದಕ್ಕೆ ನೋಡುತ್ತಾರೆ ಎಂಬುದರಲ್ಲಿ ಇಬ್ಬರಿಗೂ ಅಂಥ ಅಂತರ ಕಾಣಲಿಲ್ಲ. ಬಲ್ಲವರು ಸರಿಯಾದ ಜಾಗವನ್ನು ಮೊದಲೇ ನೋಡುತ್ತಿದ್ದರು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಇನ್ನೊಂದು ಹೆಜ್ಜೆ ಹೋದರು. ನಿಜವಾದ ಆಟದ ಸ್ಥಿತಿಯನ್ನು ಕೆಲವೇ ಸೆಕೆಂಡು ನೋಡಿ ಮಾಸ್ಟರ್ ಬಹುಪಾಲು ಕಾಯಿಗಳನ್ನು ಮತ್ತೆ ಜೋಡಿಸಿಡಬಲ್ಲ. ಕಾಯಿಗಳನ್ನು ಅಡ್ಡಾದಿಡ್ಡಿ ಚೆಲ್ಲಿದರೆ ಅವನೂ ನಮ್ಮಂತೆಯೇ ತಡವರಿಸುತ್ತಾನೆ. ಅವನ ಸಂಪತ್ತು ಹುಟ್ಟಿನಿಂದ ಬಂದ ನೆನಪಿನ ಶಕ್ತಿಗಿಂತ ಹೆಚ್ಚಾಗಿ ಕಂಡು ಕಂಡು ಗುರುತಾದ ಕಲ್ಲುಗಳು. ನಮ್ಮ ಊರ ಕತ್ತಲೆ ದಾರಿಯಲ್ಲಿ ಹಿರಿಯರು ಟಾರ್ಚ್ ಇಲ್ಲದೆ ನಡೆಯುವುದು ಹೀಗೆಯೇ.

ಗಾದೆಗೆ ಇನ್ನೊಂದು ಅರ್ಥವೂ ಇದೆ, ಅದನ್ನು ಗಾಯದ ಅರ್ಥ ಎನ್ನಬಹುದು. ಬೆರಳು ನೋಯುತ್ತಿರುವಾಗ ಗಮನವೆಲ್ಲ ನೋವಿನ ಮೇಲಿರುತ್ತದೆ, ದಾರಿಯ ಮೇಲಿರುವುದಿಲ್ಲ. ಆದ್ದರಿಂದಲೇ ಆ ಕಾಲು ಮತ್ತೆ ತಗುಲುತ್ತದೆ. ಸೋತ ತಕ್ಷಣ ‘ಇನ್ನೊಂದು ಆಟ’ ಎಂದು ಒತ್ತುವ ಬೆರಳು ಇಂಥದ್ದು. ಕಳೆದುಕೊಂಡ ರೇಟಿಂಗ್ ವಾಪಸ್ ಪಡೆಯುವ ಆತುರ, ಆ ಆತುರದಲ್ಲಿ ಮತ್ತೊಂದು ಸೋಲು. ರಾತ್ರಿ ಒಂದು ಗಂಟೆಯವರೆಗೆ ಹೀಗೆ ಸೋತವರ ಸಂಕಟ ನನಗೆ ಗೊತ್ತು. ಅವರಿಗೆ ಒಂದು ಲೆಕ್ಕ ಹೇಳಬೇಕು. ರೇಟಿಂಗ್ ಪದ್ಧತಿಯನ್ನು ರೂಪಿಸಿದ ಆರ್ಪಾದ್ ಎಲೋ ಅವರ ಸೂತ್ರದ ಪ್ರಕಾರ, 200 ಅಂಕ ಮುಂದಿರುವವನಿಂದಲೂ ನಿರೀಕ್ಷಿಸುವುದು 100 ಆಟಕ್ಕೆ ಸುಮಾರು 76 ಅಂಕ ಮಾತ್ರ. ಆನ್‌ಲೈನ್ ತಾಣಗಳಂತೂ ನಮ್ಮ ಸಮಕ್ಕೇ ಇರುವವನನ್ನು ಹುಡುಕಿ ಎದುರಿಗೆ ಕೂರಿಸುತ್ತವೆ. ನಾವು ಮೇಲೇರಿದರೆ ಎದುರಾಳಿಯೂ ಮೇಲಿನವನೇ ಬರುತ್ತಾನೆ. ಹಾಗಾಗಿ ಎಷ್ಟೇ ಕಲಿತರೂ ಸರಿಸುಮಾರು ಅರ್ಧ ಆಟ ಸೋಲುತ್ತಲೇ ಇರುತ್ತೇವೆ. ಸೋಲಿನ ಎಣಿಕೆ ಕಡಿಮೆಯಾಗಲಿಲ್ಲ ಎಂದು ಕೊರಗಬೇಕಿಲ್ಲ. ಸೋಲಿನ ಕಾರಣ ಬದಲಾಯಿತೇ ಎಂದು ನೋಡಬೇಕು.

ಈಗ ಅಜ್ಜಿಯ ಎರಡನೆಯ ಮಾತಿಗೆ ಬರುತ್ತೇನೆ. ಎತ್ತಿಡುವುದೆಂದರೆ ಚೆಸ್‌ನಲ್ಲಿ ಏನು? ರಷ್ಯಾದ ಬೆಂಜಮಿನ್ ಬ್ಲುಮೆನ್‌ಫೆಲ್ಡ್ ಹಿಂದೆಯೇ ಒಂದು ದಾರಿ ತೋರಿಸಿದ್ದರು: ನಡೆ ನಿಶ್ಚಯವಾದ ಮೇಲೆ ಕೂಡಲೇ ಕಾಯಿ ಮುಟ್ಟಬೇಡ, ಮೊದಲು ಹಾಳೆಯಲ್ಲಿ ಬರೆ, ಆಮೇಲೆ ಹೊಸಬನ ಕಣ್ಣಿನಿಂದ ಹಲಗೆಯನ್ನು ಒಮ್ಮೆ ನೋಡು. ನನಗೆ ಒಂದೇ ನಡೆಯಲ್ಲಿ ಮೇಟ್ ಇದೆಯೇ, ಯಾವುದಾದರೂ ಕಾಯಿ ಪುಕ್ಕಟೆ ಹೋಗುತ್ತದೆಯೇ? ಟೂರ್ನಿಗಳಲ್ಲಿ ಹಾಗೆ ಮೊದಲೇ ಬರೆಯುವುದಕ್ಕೆ ಈಗ ನಿಯಮ ಬಿಡುವುದಿಲ್ಲ. ಮೊಬೈಲಿನಲ್ಲಿ ಬರೆಯಲು ಹಾಳೆಯೇ ಇಲ್ಲ. ಆದರೆ ಆಡಿದ ನಡೆಯನ್ನು ಖಚಿತಪಡಿಸಲು ಇನ್ನೊಮ್ಮೆ ಒತ್ತಬೇಕಾದ ಆಯ್ಕೆಯೊಂದು ಲಿಚೆಸ್‌ನ ಸೆಟ್ಟಿಂಗ್‌ನಲ್ಲಿದೆ. ನಾನು ಅದನ್ನು ಹಾಕಿಕೊಂಡೆ. ಆ ಎರಡು ಒತ್ತುಗಳ ನಡುವೆ ಒಂದೇ ಪ್ರಶ್ನೆ: ಅವನು ಏನು ಮಾಡಬಹುದು? ಎರಡು ಸೆಕೆಂಡಿನ ಕೆಲಸ. ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಅಷ್ಟೂ ಸಿಗುವುದಿಲ್ಲವಾದ್ದರಿಂದ ಬ್ಲಿಟ್ಜ್ ಬಿಟ್ಟೆ.

ಆಟವನ್ನು ತಪಾಸಣೆ ಮಾಡುವ ಕಂಪ್ಯೂಟರ್ ಇಂಜಿನ್‌ಗೆ ತೋರಿಸುವ ಮೊದಲು ತಪ್ಪನ್ನು ನಾವೇ ಹುಡುಕಬೇಕೆಂಬುದು ಇನ್ನೂ ಮುಖ್ಯ. ಗುಕೇಶ್ ಬೆಳೆಯುತ್ತಿದ್ದಾಗ ಅವರ ಕೋಚ್ ವಿಷ್ಣು ಪ್ರಸನ್ನ ಬಹುಕಾಲ ಇಂಜಿನ್ ಮುಟ್ಟಲು ಬಿಡಲಿಲ್ಲ. ಸ್ಟಾಕ್‌ಫಿಶ್ ಎಂಬ ಇಂಜಿನ್ ಕೆಂಪು ಗುರುತು ಹಾಕಿ ‘ಇಲ್ಲಿ ತಪ್ಪಿದೆ’ ಎನ್ನುತ್ತದೆ. ಆ ಹೊತ್ತಿನಲ್ಲಿ ನಾವು ಏನನ್ನು ಆಸೆಪಟ್ಟು ಆ ಕಾಯಿ ಎತ್ತಿದೆವು ಎಂಬುದು ಅದಕ್ಕೆ ತಿಳಿಯದು. ನೋಟ್‌ಬುಕ್ಕಿನ ಆ ಒಂದು ಸಾಲಿಗೆ ಮಾತ್ರ ತಿಳಿದಿರುತ್ತದೆ.

ಹೀಗೆ ಗುರುತು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲೇ ಹಳೆಯ ಉದಾಹರಣೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯನ್ನು 64 ಮನೆಗಳಲ್ಲೂ ಸುತ್ತಿಸುವ ಬಂಧಗಳನ್ನು ರಚಿಸಿದ್ದರು. ಕುದುರೆ ಪ್ರತಿ ಮನೆಗೂ ಕಾಲಿಡಬೇಕು, ಆದರೆ ಒಂದಕ್ಕೂ ಎರಡನೆಯ ಸಲ ಇಡಬಾರದು. ಅದನ್ನು ಹಾಳೆಯ ಮೇಲೆ ಬರೆದು ಪ್ರಯತ್ನಿಸಿದರೆ ಒಂದು ಸಂಗತಿ ಮನದಟ್ಟಾಗುತ್ತದೆ: ಹಿಂದೆ ಇಟ್ಟ ಹೆಜ್ಜೆಗಳ ಗುರುತು ಇಟ್ಟುಕೊಂಡವನು ಮಾತ್ರ ಸುತ್ತು ಮುಗಿಸುತ್ತಾನೆ. ಹಾಗೆ ಕಲಿಯಲು ತಡವಾಯಿತು ಎಂದುಕೊಳ್ಳಬೇಕಿಲ್ಲ. ಅದೇ ಮೈಸೂರಿನ ಎಂ. ಎಸ್. ತೇಜಕುಮಾರ್ 2017ರಲ್ಲಿ ಭಾರತದ 50ನೇ, ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆಗ ಅವರಿಗೆ ಮೂವತ್ತು ದಾಟಿತ್ತು. ಬಾಲಪ್ರತಿಭೆಗಳ ಸುದ್ದಿಯನ್ನೇ ಓದುವ ನಾವು ಆ ವಯಸ್ಸನ್ನೂ ನೆನಪಿಡಬೇಕು.

ನನ್ನ ನೋಟ್‌ಬುಕ್ಕಿನ ಎರಡನೆಯ 30 ಆಟ ಮೊನ್ನೆ ತುಂಬಿತು. ‘ಅವನ ನಡೆ ನೋಡಲಿಲ್ಲ’ ಎಂಬ ಸಾಲು ಹನ್ನೊಂದು ಕಡೆ ಇದೆ. ಮೊದಲು ಹತ್ತೊಂಬತ್ತಿತ್ತು. ನಂದಗುಡಿಯಲ್ಲಿ, ಸೂಲಿಬೆಲೆಯಲ್ಲಿ, ಹೊಸಕೋಟೆಯಲ್ಲಿ ರಾತ್ರಿ ಹೊತ್ತು ಒಬ್ಬೊಬ್ಬರೇ ಮೊಬೈಲ್ ಹಿಡಿದು ಆಡುತ್ತಿರುವ ನಿಮ್ಮೆಲ್ಲರಲ್ಲಿ ನನ್ನದೊಂದು ಕೋರಿಕೆ. ಇವತ್ತು ಸೋತರೆ ಇನ್ನೊಂದು ಆಟ ಒತ್ತಬೇಡಿ, ಒಂದು ಸಾಲು ಬರೆಯಿರಿ. ಆ ಸಾಲುಗಳನ್ನು ತೆಗೆದುಕೊಂಡು ಒಂದು ಭಾನುವಾರ ಎದುರುಬದುರು ಕೂರೋಣ. ಹಲಗೆ, ಕಾಯಿ ನಾನು ತರುತ್ತೇನೆ.