ಮಾತಿಲ್ಲದ ರೋಗಿ

ರೋಗಿ ತನ್ನ ಸಂಕಟವನ್ನು ಹೇಳಿಕೊಂಡರೆ ವೈದ್ಯನ ಅರ್ಧ ಕೆಲಸ ಮುಗಿದಂತೆ. ಹಸುಗೂಸಿಗೆ ಮಾತು ಬಾರದಿದ್ದರೂ ಅಳು ಬರುತ್ತದೆ. ಹಸು ಮೇವು ಬಿಟ್ಟು ನಿಂತರೆ ಮನೆಯ ಹೆಂಗಸರಿಗೆ ಕೊಟ್ಟಿಗೆಯ ಬಾಗಿಲಲ್ಲೇ ವಿಷಯ ತಿಳಿಯುತ್ತದೆ. ನಾಯಿ ಕುಂಯ್‌ಗುಡುತ್ತದೆ, ಬೆಕ್ಕು ಮೂಲೆ ಸೇರುತ್ತದೆ. ಮೀನು ಇದಾವುದನ್ನೂ ಮಾಡಲಾರದು. ಅದಕ್ಕೆ ನಮಗೆ ಕೇಳುವಂಥ ದನಿಯಿಲ್ಲ, ಕಣ್ಣೀರಿಲ್ಲ. ನೋವಿಗೆ ಕಣ್ಣು ಮುಚ್ಚೋಣವೆಂದರೆ ರೆಪ್ಪೆಯೂ ಇಲ್ಲ. ಬದುಕಿದ್ದಾಗ ಹೇಗೋ ಸಾಯುವಾಗಲೂ ಹಾಗೆಯೇ ಕಣ್ಣು ಬಿಟ್ಟುಕೊಂಡಿರುತ್ತದೆ. ಇಂಥ ರೋಗಿಗೆ ವೈದ್ಯನಾಗುವ ಪ್ರಸಂಗ ಈಚೆಗೆ ನನಗೆ ಒದಗಿತು. ಮೀನಿನ ರೋಗ ಹುಡುಕಲು ಹೊರಟ ನನಗೆ ಸಿಕ್ಕಿದ್ದು ಬೇರೆಯೇ ಒಂದು ರೋಗ. ಅದನ್ನು ಓದುಗರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂಧುಗಳೊಬ್ಬರು 40 ಲೀಟರಿನ ಗಾಜಿನ ತೊಟ್ಟಿಯನ್ನೂ ಎರಡು ಗೋಲ್ಡ್‌ಫಿಷ್‌ಗಳನ್ನೂ ತಂದುಕೊಟ್ಟರು. ಒಂದು ಕೆಂಪು, ಇನ್ನೊಂದು ಕಪ್ಪು, ಕಣ್ಣುಗುಡ್ಡೆ ಹೊರಕ್ಕೆ ಚಾಚಿದ್ದು. ಹುಡುಗಿ ಶಾಲೆಗೆ ಹೋಗುವವಳು. ಮೀನುಗಳ ಯೋಗಕ್ಷೇಮ ನಿವೃತ್ತನಾದ ನನ್ನ ಪಾಲಿಗೆ ಬಂತು. ಮೂವತ್ತು ವರ್ಷ ಮೇಷ್ಟ್ರಾಗಿದ್ದವನನ್ನು ಶಿಸ್ತು ಬಿಡುತ್ತದೆಯೇ? ದಿನಕ್ಕೆ ಮೂರು ಹೊತ್ತು ತಪ್ಪದೆ ಆಹಾರ. ಭಾನುವಾರ ಬೆಳಗಾದರೆ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲುಗಳನ್ನು ತಿಕ್ಕಿ, ನೀರು ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಕೊಳೆಯೆಲ್ಲ ಹೋಗುವತನಕ ಹಿಂಡಿ, ಹೊಸದಾಗಿ ಕಾವೇರಿ ನೀರು ತುಂಬುತ್ತಿದ್ದೆ. ಬಂದವರು, “ಗಾಜು ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲವಲ್ಲ!” ಎನ್ನುತ್ತಿದ್ದರು. ನನಗೂ ಹೆಮ್ಮೆಯೇ.

ಆರನೆಯ ವಾರದಲ್ಲಿ ಮೀನುಗಳ ಲವಲವಿಕೆ ಕುಗ್ಗಿತು. ಕೆಂಪು ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡತೊಡಗಿತು. ಉಳಿದ ಹೊತ್ತಿನಲ್ಲಿ ರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ಮಳೆಗೆ ನೆನೆದು ಸೂರಿನಡಿ ನಿಂತವರಂತೆ ಮೂಲೆಯಲ್ಲಿ ನಿಲ್ಲುತ್ತಿತ್ತು. ಕಪ್ಪು ಮೀನಿನ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳು ಎದ್ದವು. ಅದು ಆಗಾಗ ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಅಂಗಡಿಗೆ ಓಡಿದೆ. ಅಂಗಡಿಯಾತ ಮೂರು ಸೀಸೆ ಕೊಟ್ಟ: ಬಿಳಿ ಚುಕ್ಕೆಗೆ ಒಂದು, ರೆಕ್ಕೆ ಕೊಳೆಯುವುದಕ್ಕೆ ಒಂದು, ಯಾವ ರೋಗವೆಂದು ತಿಳಿಯದಿದ್ದರೆ ಇನ್ನೊಂದು. ಆತುರಗಾರನಾದ ನಾನು ಮೂರನ್ನೂ ಹಾಕಿದೆ. ನೀರು ನೀಲಿಯಾಯಿತು, ಮೀನುಗಳು ಇನ್ನಷ್ಟು ಸೊರಗಿದವು.

“ಮೀನಿಗೆ ಕೊಟ್ಟದ್ದು ನೂರು ರೂಪಾಯಿ ಇರಬಹುದು, ಔಷಧಕ್ಕೆ ಐನೂರು ಆಯಿತು. ಹೊಸ ಮೀನು ತಂದರೆ ಆಗದೇ?” ಎಂದರು ನಮ್ಮ ಮನೆಯಾಕೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬೆಲೆಯೆಂಬುದು ಬದಲಿ ವಸ್ತುವಿಗೆ ಕಟ್ಟುವ ಲೆಕ್ಕ. ಒಡೆದ ಲೋಟಕ್ಕೆ ಇನ್ನೊಂದು ಲೋಟ ಬದಲಿಯಾದೀತು. ಸಾಯುತ್ತಿರುವ ಮೀನಿಗೆ ಬದಲಾಗಿ ಇನ್ನೊಂದು ಮೀನು ಬಂದರೆ ತೊಟ್ಟಿ ತುಂಬುತ್ತದೆ, ಮೊಮ್ಮಗಳ ಮುಖ ಅರಳುತ್ತದೆ. ಸಾಯುತ್ತಿರುವುದಕ್ಕೆ ಅದರಿಂದ ಬಂದದ್ದೇನು?

ಮೀನಿಗೆ ನೋವು ತಿಳಿದರಲ್ಲವೇ ಈ ಮಾತು, ಎಂದು ಕೇಳಬಹುದು. 2003ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಅವರ ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವಿನ ಪ್ರಚೋದನೆಗೆ ಸ್ಪಂದಿಸುವ ನರತುದಿಗಳನ್ನು ಗುರುತಿಸಿದರು. ತುಟಿಗೆ ಜೇನುಹುಳದ ವಿಷವನ್ನೋ ಹುಳಿ ದ್ರವವನ್ನೋ ಚುಚ್ಚಿದ ಮೀನುಗಳು ಬಹಳ ಹೊತ್ತು ಆಹಾರ ಮುಟ್ಟಲಿಲ್ಲ, ಅತ್ತಿತ್ತ ತೂಗಾಡಿದವು, ಹುಳಿ ಚುಚ್ಚಿಸಿಕೊಂಡವು ತುಟಿಯನ್ನು ಕಲ್ಲಿಗೆ ಉಜ್ಜಿದವು. ನಮ್ಮಂಥ ಮಿದುಳಿನ ಹೊರಪದರ ಮೀನಿಗೆ ಇಲ್ಲವಾದ್ದರಿಂದ ಇದನ್ನು ನೋವೆನ್ನಬಾರದು ಎಂದು ವಾದಿಸುವ ಪಂಡಿತರೂ ಇದ್ದಾರೆ. ವಾದ ಮುಗಿಯುವತನಕ ಕಾಯಲು ಪಂಡಿತರಿಗೆ ಬಿಡುವುಂಟು, ತೊಟ್ಟಿಯ ಮೀನಿಗೆ ಇಲ್ಲ. ಕಲ್ಲಿಗೆ ಮೈ ಉಜ್ಜುತ್ತಿದ್ದ ನನ್ನ ಕಪ್ಪು ಮೀನನ್ನು ನೋಡಿದ ಮೇಲೆ, ಸಂದೇಹದ ಲಾಭವನ್ನು ಅದಕ್ಕೇ ಕೊಡುವುದು ನ್ಯಾಯವೆಂದು ನನಗೆ ತೋರಿತು.

ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಸಂಜೆ ಮನೆಗೆ ಬಂದ. ಮೀನುಗಳ ಲಕ್ಷಣಗಳನ್ನೆಲ್ಲ ನಾನು ವಿಸ್ತಾರವಾಗಿ ವಿವರಿಸಿದೆ. ಅವನು ಸಮಾಧಾನದಿಂದ ಕೇಳಿ, “ಮೀನನ್ನು ಆಮೇಲೆ ನೋಡೋಣ ಸಾರ್, ಮೊದಲು ನೀರು ನೋಡಬೇಕು” ಎಂದ. ಮರುದಿನ ಪುಟ್ಟ ಪೆಟ್ಟಿಗೆಯೊಂದನ್ನು ತಂದು, ತೊಟ್ಟಿಯ ನೀರನ್ನು ಗಾಜಿನ ನಳಿಕೆಗೆ ತುಂಬಿ, ಎರಡು ಸೀಸೆಗಳಿಂದ ಹನಿ ಹಾಕಿದ. ಹಳದಿಯಾಗಿ ಉಳಿಯಬೇಕಾದದ್ದು ಕೆಲವೇ ನಿಮಿಷಗಳಲ್ಲಿ ಹಸಿರಾಯಿತು. “ಅಮೋನಿಯಾ ಸಾರ್. ಕಿವಿರು ಸುಡುತ್ತಿದೆ, ಅದಕ್ಕೇ ಮೇಲೆ ಬಂದು ಉಸಿರಿಗೆ ಒದ್ದಾಡುತ್ತಿದೆ.”

ಅವನು ಹೇಳಿದ ಪಾಠ ಇಷ್ಟು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ತಿಂದು ಮಿಕ್ಕ ಆಹಾರ ಕೊಳೆತರೂ ಅದೇ ವಿಷ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ, ತೊಟ್ಟಿಯಲ್ಲಿ ಹೋಗುವುದೆಲ್ಲಿಗೆ? ಕಲ್ಲಿನ ಮೇಲೆ, ಸ್ಪಂಜಿನ ಸಂದುಗಳಲ್ಲಿ ಮನೆಮಾಡುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಕೆಡಕಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಜೀವಿಗಳ ಸಂಸಾರ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಸಂಸಾರವನ್ನು ನಾನು ಪ್ರತಿ ಭಾನುವಾರ ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತೊಳೆದುಹಾಕುತ್ತಿದ್ದೆ. ಭಾನುವಾರ ಕನ್ನಡಿಯಂತಿದ್ದ ನೀರು ಗುರುವಾರದ ಹೊತ್ತಿಗೆ ಕಣ್ಣಿಗೆ ಕಾಣದ ವಿಷವಾಗುತ್ತಿತ್ತು. ಮೂರು ಹೊತ್ತಿನ ಆಹಾರ ಅದಕ್ಕೆ ಒತ್ತಾಸೆ. ಬಂದವರ ಹೊಗಳಿಕೆಗೆ ಪಾತ್ರವಾಗಿದ್ದ ನನ್ನ ನೈರ್ಮಲ್ಯವೇ ಮೀನಿನ ರೋಗದ ಮೂಲ.

ಇದೇನೂ ಹೊಸ ತಿಳಿವಳಿಕೆಯಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತನ್ನದೊಂದು ಪ್ರಯೋಗವನ್ನು ವರದಿ ಮಾಡಿದ. ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಷ್‌ಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟಿದ್ದ. ಸಸ್ಯದ ಎಲೆಗಳು ಕೊಳೆತು ನೀರು ಕದಡಿ ಮೀನುಗಳ ಪ್ರಾಣಕ್ಕೆ ಬಂದಾಗ ಅವನು ಮೀನಿಗೆ ಔಷಧ ಕೊಡಲಿಲ್ಲ. ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು, ಮೀನು ಬದುಕಿದವು.

ನೀರನ್ನು ಬಿಟ್ಟು ಮೀನನ್ನೇ ದೂರುವ ನನ್ನ ಚಾಳಿ ತೊಟ್ಟಿಯಿಂದ ಆರಂಭವಾದದ್ದಲ್ಲ. ನನ್ನ ತರಗತಿಯಲ್ಲಿ ಹಿಂದೆ ಒಬ್ಬ ಹುಡುಗನಿದ್ದ. ಮೊದಲನೆಯ ಪೀರಿಯಡ್ಡಿನಲ್ಲೇ ತೂಕಡಿಸುತ್ತಿದ್ದ. ಸೋಮಾರಿತನವೆಂದು ರೋಗನಿರ್ಣಯ ಮಾಡಿ, ಬೆಂಚಿನ ಮೇಲೆ ನಿಲ್ಲಿಸುವ ಚಿಕಿತ್ಸೆಯನ್ನು ವರ್ಷವಿಡೀ ನಡೆಸಿದೆ. ಅವನು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಮನೆಮನೆಗೆ ಪತ್ರಿಕೆ ಹಾಕಿ ಬರುತ್ತಿದ್ದನೆಂದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ. ನನ್ನ ಮನೆಗೆ ಬರುತ್ತಿದ್ದ ಪತ್ರಿಕೆಯನ್ನೂ ಅವನೇ ಹಾಕುತ್ತಿದ್ದಿರಬಹುದು. ಅವನೂ ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾತು ಬಲ್ಲ ಮಕ್ಕಳೂ ನಮ್ಮ ಎದುರಿಗೆ ಎಷ್ಟೋ ಸಲ ಮೀನುಗಳೇ.

ಹಾಗಾದರೆ ಮೀನಿನ ವಿಷಯದಲ್ಲಿ ನಮ್ಮ ಹೊಣೆ ಎಲ್ಲಿಂದ ಹುಟ್ಟುತ್ತದೆ? ಕರುಣೆಯಿಂದಲೇ? ನನ್ನ ಶಿಷ್ಯ ಕರಾವಳಿಯವನು. “ಮಧ್ಯಾಹ್ನ ಬಂಗುಡೆ ಸಾರು ಉಂಡೇ ಬಂದೆ ಸಾರ್” ಎಂದು ನಕ್ಕ. ಅವನ ಮಾತಿನಲ್ಲಿ ಮೊದಲು ನನಗೆ ವಿರೋಧಾಭಾಸ ಕಂಡಿತು; ಯೋಚಿಸಿದಾಗ ಬೇರೆಯೇ ಒಂದು ಅರ್ಥ ಹೊಳೆಯಿತು. ಕಡಲಿನ ಬಂಗುಡೆ ಬಲೆಗೆ ಬೀಳುವ ದಿನದವರೆಗೆ ತನ್ನ ಪಾಡಿಗೆ ತಾನಿರುತ್ತದೆ. ಹಸಿದರೆ ಹುಡುಕಿಕೊಳ್ಳುತ್ತದೆ, ನೀರು ಒಗ್ಗದಿದ್ದರೆ ಬೇರೆಡೆಗೆ ಹೋಗುತ್ತದೆ. ಅದನ್ನು ಕೊಲ್ಲುವುದು ಸರಿಯೋ ತಪ್ಪೋ ಎಂಬುದು ಒಂದು ಪ್ರಶ್ನೆ, ಅದಕ್ಕೆ ಒಬ್ಬೊಬ್ಬರ ಉತ್ತರ ಒಂದೊಂದು. ತೊಟ್ಟಿಯ ಮೀನಿನ ಪ್ರಶ್ನೆ ಬೇರೆ. ಅದು ಬೇರೆಡೆಗೆ ಹೋಗಲಾರದು. ಅದರ ಆಹಾರ, ಉಸಿರು, ಬೆಳಕು, ಕತ್ತಲೆ ಎಲ್ಲವೂ ನನ್ನ ಕೈಯಲ್ಲಿ. ಈ ಪರಾಧೀನತೆ ದೈವ ಕೊಟ್ಟದ್ದಲ್ಲ, ನಾನು ಉಂಟುಮಾಡಿದ್ದು. ಕರುಣೆ ಮನಸ್ಸಿಗೆ ಬಂದಾಗ ಬರುವ ಅತಿಥಿ. ಬಾರದಿದ್ದರೆ ಯಾರೂ ಕೇಳುವಂತಿಲ್ಲ. ಇದು ಹಾಗಲ್ಲ, ಸಾಲ. ಮನಸ್ಸಿರಲಿ ಇಲ್ಲದಿರಲಿ ತೀರಿಸತಕ್ಕದ್ದು.

ತೀರಿಸುವ ಬಗೆಯನ್ನು ಕಪ್ಪು ಮೀನು ಕಲಿಸಿತು. ಬಿಳಿ ಚುಕ್ಕೆಯ ರೋಗ ಒಂದು ಪರೋಪಜೀವಿಯಿಂದ ಬರುವಂಥದು. ಚರ್ಮದ ಅಡಿಯಲ್ಲಿ ಅವಿತಿರುವತನಕ ಅದಕ್ಕೆ ಯಾವ ಔಷಧವೂ ತಾಗದು. ಬಲಿತ ಮೇಲೆ ಮೀನಿನ ಮೈಬಿಟ್ಟು ತಳಕ್ಕೆ ಬಿದ್ದು ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಹೊಸ ಮೈಯನ್ನು ಹುಡುಕುತ್ತ ನೀರಿನಲ್ಲಿ ಈಜುವಾಗ ಮಾತ್ರ ಅವುಗಳನ್ನು ಕೊಲ್ಲಬಹುದು. ಎಂದರೆ, ಮೀನಿನ ಮೈಮೇಲೆ ಚುಕ್ಕೆ ಕಾಣದಾದಾಗ ರೋಗ ಹೋಯಿತೆಂದಲ್ಲ, ತಳದಲ್ಲಿ ಹೆಚ್ಚುತ್ತಿದೆ ಎಂದು ಅರ್ಥ. ಲೀಟರಿಗೆ 2 ಗ್ರಾಮಿನಂತೆ ಕಲ್ಲುಪ್ಪನ್ನು ಎರಡು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿಸಿ ಹಾಕಿದೆವು. ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ ಕಳೆದ ನೀರಿನಿಂದ ದಿನವೂ ಕಾಲುಭಾಗ ಬದಲಾಯಿಸಿ, ಚೆಲ್ಲಿದಷ್ಟಕ್ಕೇ ಉಪ್ಪು ಸೇರಿಸಿದೆವು. ಆರನೆಯ ದಿನ ಮೈ ಶುಭ್ರವಾಯಿತು. ನನ್ನ ಕರುಣೆ ಅಲ್ಲಿಗೆ ಮುಗಿಯುತ್ತಿತ್ತು. ಶಿಷ್ಯ ಇನ್ನೂ ಹತ್ತು ದಿನ ಬಿಡಬಾರದೆಂದ. ಕಾಣುವ ಸಂಕಟಕ್ಕೆ ಮರುಗುವುದು ಯಾರಿಗೂ ಸುಲಭ. ಕಾಣದ ಮೇಲೂ ಬಕೆಟ್ಟು ಹೊರುವುದು ಕಷ್ಟ.

ಕೆಂಪು ಮೀನಿನದು ಇನ್ನೂ ಕಷ್ಟದ ಪಾಠ. ಅದರ ಹೊಟ್ಟೆ ಊದಿಕೊಂಡಿತು. ಹುರುಪೆಗಳು ನಿಮಿರಿ ಮೈಯೆಲ್ಲ ಸೀತಾಫಲದ ಹೊರಮೈಯಂತಾಯಿತು. ಮೂತ್ರಪಿಂಡ ಸೋತು ಮೈಯಲ್ಲಿ ನೀರು ತುಂಬಿದ ಗುರುತು ಅದು. ಇಷ್ಟು ದೂರ ಬಂದ ಮೇಲೆ ಬದುಕುವುದು ಅಪರೂಪ ಎಂದ ಶಿಷ್ಯ. ಲವಂಗದ ಎಣ್ಣೆ ಕಡಮೆ ಪ್ರಮಾಣದಲ್ಲಿ ಮೀನಿಗೆ ಮಂಪರು ತರಿಸುತ್ತದೆ, ಹೆಚ್ಚಿದರೆ ಎಚ್ಚರವಿಲ್ಲದಂತೆಯೇ ಪ್ರಾಣ ಹೋಗುತ್ತದೆ ಎಂದೂ ಹೇಳಿದ. ನನ್ನ ಹಲ್ಲುನೋವಿನ ಸೀಸೆ ಕಪಾಟಿನಲ್ಲೇ ಇತ್ತು. ಮೂರು ದಿನ ನಾನು ಅದನ್ನು ಮುಟ್ಟಲಿಲ್ಲ. ಜೀವ ಕೊಡಲಾರದವನು ತೆಗೆಯಬಹುದೇ ಎಂದು ತತ್ತ್ವ ಹೇಳಿಕೊಂಡೆ. ನಾಳೆ ಚೇತರಿಸಿಕೊಂಡೀತೆಂದು ಆಸೆ ಹೇಳಿಕೊಂಡೆ. ಮೂರನೆಯ ರಾತ್ರಿ ದೀಪ ಹಾಕಿ ನೋಡಿದಾಗ ಅದು ಒಂದು ಮಗ್ಗುಲಾಗಿ ತೇಲುತ್ತ ಮತ್ತೆ ಮತ್ತೆ ನೆಟ್ಟಗಾಗಲು ಹೆಣಗುತ್ತಿತ್ತು. ನನ್ನ ತತ್ತ್ವ, ನನ್ನ ಆಸೆ ಎರಡೂ ನನ್ನ ಕೈ ಶುದ್ಧವಾಗಿರಲೆಂದು ಕಟ್ಟಿಕೊಂಡ ಮಾತುಗಳೆಂದು ಆಗ ತಿಳಿಯಿತು. ಅದರ ಬೆಲೆಯನ್ನು ಮೂರು ದಿನವೂ ಮೀನು ತೆತ್ತಿತ್ತು. ಬೇರೆ ಪಾತ್ರೆಯಲ್ಲಿ ತೊಟ್ಟಿಯ ನೀರನ್ನೇ ತೆಗೆದುಕೊಂಡು ಮಾಡಬೇಕಾದದ್ದನ್ನು ಮಾಡಿದೆ. ಮೀನು ಸದ್ದಿಲ್ಲದೆ ಒರಗಿತು. ಕಿವಿರು ನಿಂತ ಮೇಲೂ ಬಹಳ ಹೊತ್ತು ಕೂತಿದ್ದೆ. ನಾನು ಮಾಡಿದ್ದು ಸರಿಯೆಂದು ಪೂರ್ಣ ನಂಬಿಕೆ ಇಂದಿಗೂ ಇಲ್ಲ. ಮೂರು ದಿನ ತಡಮಾಡಿದ್ದು ತಪ್ಪೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಬೆಳಗ್ಗೆ ಮೊಮ್ಮಗಳು, “ತಾತ, ಅದಕ್ಕೆ ಏನು ಕಾಯಿಲೆ ಬಂದಿತ್ತು?” ಎಂದಳು. “ನೀರು ಕೆಟ್ಟಿತ್ತು ಮಗು; ಕೆಡಿಸಿದವನು ನಾನು” ಎಂದೆ. ರಾತ್ರಿ ಮಾಡಿದ್ದನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಕಪ್ಪು ಮೀನನ್ನಾದರೂ ಕೆರೆಗೆ ಬಿಟ್ಟುಬಿಡೋಣ” ಎಂದಳು. ಮಕ್ಕಳ ನ್ಯಾಯ ನೇರವಾದದ್ದು. ಆದರೆ ಇದು ನಮ್ಮ ಕೆರೆಯ ಮೀನಲ್ಲ. ಸಾವಿರ ವರ್ಷಕ್ಕೂ ಹಿಂದೆ ಚೀನದವರು ಸಾಕಲು ತೊಡಗಿ, ಅಂದಕ್ಕಾಗಿ ತಲೆತಲಾಂತರ ಆರಿಸಿ ಬೆಳೆಸಿದ ತಳಿ. ಈ ಉಬ್ಬುಗಣ್ಣಿನದು ಕೆರೆಯಲ್ಲಿ ಹಕ್ಕಿಯ ಪಾಲಾದೀತು. ಬದುಕಿದರೆ ತನ್ನ ರೋಗವನ್ನು ಅಲ್ಲಿನ ಮೀನುಗಳಿಗೆ ಹಂಚೀತು. ಬಿಡುಗಡೆಯ ಹೆಸರಿನಲ್ಲಿ ನಾವು ಕೈತೊಳೆದುಕೊಂಡಂತೆ ಆದೀತೇ ಹೊರತು ಅದಕ್ಕೆ ಉಪಕಾರವಿಲ್ಲ. ಅದು ಹಿಂತಿರುಗುವ ದಾರಿಯನ್ನು ಮನುಷ್ಯರು ಎಂದೋ ಮುಚ್ಚಿದ್ದಾರೆ.

ಉಳಿದದ್ದು ಒಂದೇ ದಾರಿ, ಚೆನ್ನಾಗಿ ನೋಡಿಕೊಳ್ಳುವುದು. ಒಳ್ಳೆಯ ನೀರು ಸಿಕ್ಕರೆ ಗೋಲ್ಡ್‌ಫಿಷ್ ಹತ್ತು ಹದಿನೈದು ವರ್ಷ ಬದುಕೀತು. ನನಗೀಗ ಎಪ್ಪತ್ತೊಂದು. ಆದ್ದರಿಂದ ನಳಿಕೆಗೆ ಹನಿ ಹಾಕುವುದನ್ನು ಮೊಮ್ಮಗಳಿಗೆ ಕಲಿಸಿದ್ದೇನೆ. ಭಾನುವಾರ ಬೆಳಗ್ಗೆ ಅವಳು ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಹಳದಿ, ತಾತ!” ಎಂದು ಕೂಗುತ್ತಾಳೆ. ಕಲ್ಲುಗಳ ಮೇಲೆ ಈಗ ಸ್ವಲ್ಪ ಪಾಚಿ ಕಟ್ಟಿದೆ. ಗಾಜು ಇರುವುದು ಬಂದವರಿಗೆ ಚೆನ್ನಾಗಿಯೇ ಕಾಣುತ್ತದೆ. ಯಾರೂ ಹೊಗಳುವುದಿಲ್ಲ. ಕಪ್ಪು ಮೀನು ರೆಕ್ಕೆ ಬಿಚ್ಚಿ ಓಡಾಡುತ್ತಿದೆ. ಅದಕ್ಕೆ ಸುಖವೋ ಇಲ್ಲವೋ, ಈಗಲೂ ಅದು ಏನನ್ನೂ ಹೇಳುವುದಿಲ್ಲ.