ಮನ್ನಾ ಮಾಡುವ ಅಧಿಕಾರ ಯಾರದು?



ಬೆಳಗಿನ ರೈಲು ಮಾರಿಕುಪ್ಪಂನಿಂದ ಹೊರಟು ಊರಿಗಾಂನಲ್ಲಿ ನಿಂತಾಗ ಬುತ್ತಿ ಹಿಡಿದು ಹತ್ತುವವರನ್ನು ನೀವು ನೋಡಿದ್ದೀರಿ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಬಳಿಕ ಈ ಊರಿನ ಅನ್ನ ಬಂಗಾರಪೇಟೆಯ ಆಚೆಗೆ, ಬೆಂಗಳೂರಿಗೆ ಹೋಯಿತು. ಎಷ್ಟೋ ಮನೆಗಳು ಒಬ್ಬನ ದುಡಿಮೆಯ ಮೇಲೆ ನಿಂತಿವೆ. ಆ ಒಬ್ಬನು ತಲಾಕ್ ಹೇಳಿ ಹೊರಟುಹೋಗಲಿ, ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಮರಣ ಹೊಂದಲಿ, ಒಲೆಯ ಪಾಲಿಗೆ ಎರಡೂ ಒಂದೇ.

ಆಗ ಹಿರಿಯರು ಸೇರುತ್ತಾರೆ. ಸೇರಬೇಕಾದುದೇ. ದಂಪತಿಗಳ ನಡುವೆ ಬಿರುಕು ಕಂಡಾಗ ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಬೇಕೆಂದು ಪವಿತ್ರ ಕುರ್‌ಆನ್ ಅನ್ನಿಸಾ ಅಧ್ಯಾಯದಲ್ಲಿ ಆದೇಶಿಸಿದೆ. ಆದರೆ ಇಂತಹ ಕೂಟಗಳಲ್ಲಿ ಒಂದು ಮಾತು ಬಹಳ ಸುಲಭವಾಗಿ ಹೊರಬೀಳುತ್ತದೆ: "ಹೋಗಲಿ ಬಿಡಮ್ಮಾ, ಮಾಫ್ ಮಾಡಿಬಿಡು. ಅಲ್ಲಾಹನು ಕೊಡುತ್ತಾನೆ." ಹೇಳುವವರ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ತಲೆ ತಗ್ಗಿಸಿ ಕುಳಿತ ಹೆಣ್ಣುಮಗಳು "ಆಗಲಿ" ಎನ್ನುತ್ತಾಳೆ. ಅದು ಒಪ್ಪಿಗೆಯೇ?

ಅನ್ನಿಸಾ ಅಧ್ಯಾಯದ ಆರಂಭದಲ್ಲೇ ಮಹ್ರ್‌ನ ಪ್ರಸ್ತಾಪವಿದೆ. ಪತ್ನಿಯು ಮನಸಾರೆ, ತಾನಾಗಿಯೇ ಬಿಟ್ಟುಕೊಟ್ಟರೆ ಮಾತ್ರ ಪತಿಗೆ ಅದು ಹಲಾಲ್. ಅದೇ ಅಧ್ಯಾಯದ 92ನೇ ವಚನವು ಪ್ರಮಾದದಿಂದ ಆಗುವ ಸಾವಿನ ಕುರಿತಾಗಿದೆ. ಮೃತನ ಮನೆಯವರಿಗೆ ರಕ್ತಪರಿಹಾರವನ್ನು ಒಪ್ಪಿಸಬೇಕು. ಅವರು ಬಿಟ್ಟರೆ ಮಾತ್ರ ಬಿಡುಗಡೆ. ಎರಡು ಕಡೆಯೂ ಬಿಡುವ ಅಧಿಕಾರ ಹಕ್ಕುದಾರರದ್ದೇ. ಮಧ್ಯಸ್ಥರು ಅವರ ಪರವಾಗಿ ಉದಾರಿಗಳಾಗುವಂತಿಲ್ಲ. ಇನ್ನು ಅಪ್ರಾಪ್ತ ಮಗುವಿನ ಹಕ್ಕನ್ನು ತಾಯಿಯೂ ಬಿಟ್ಟುಕೊಡುವಂತಿಲ್ಲ. ಅನಾಥರ ಸೊತ್ತನ್ನು ಅನ್ಯಾಯವಾಗಿ ತಿನ್ನುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆಂಬ ಎಚ್ಚರಿಕೆ ಅದೇ ಅಧ್ಯಾಯದಲ್ಲಿದೆ.

ಮೊದಲು ತಲಾಕ್‌ನ ವಿಷಯ ನೋಡೋಣ. ಇದ್ದತ್ ಲೆಕ್ಕವಿಡಬೇಕು, ಆ ಅವಧಿಯಲ್ಲಿ ಪತ್ನಿಯನ್ನು ಮನೆಯಿಂದ ಹೊರಹಾಕಬಾರದು, ನ್ಯಾಯವಂತರಾದ ಇಬ್ಬರು ಸಾಕ್ಷಿಗಳಿರಬೇಕು. ಅತ್ತಲಾಕ್ ಅಧ್ಯಾಯ ಇವೆಲ್ಲವನ್ನೂ ಬಿಡಿಸಿ ಹೇಳಿದೆ. ಫೋನಿನಲ್ಲಿ ಒಂದೇ ಉಸಿರಿಗೆ ಮೂರು ಬಾರಿ ಹೇಳುವುದಕ್ಕೂ ಇದಕ್ಕೂ ಏನು ಸಂಬಂಧ? ಹಾಗೆ ಮಾಡಿದವನ ಸುದ್ದಿ ಕೇಳಿ ಪ್ರವಾದಿವರ್ಯರು(ಸ) ಕೋಪಗೊಂಡರೆಂಬ ವರದಿ ನಸಾಈಯಲ್ಲಿದೆ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಇಂತಹ ತಲಾಕನ್ನು ಅಸಿಂಧುವೆಂದಿತು. 2019ರ ಕಾನೂನಿನ ಪ್ರಕಾರ ಅದು ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಖರ್ಚಿನ ವಿಷಯಕ್ಕೆ ಬರೋಣ. "ಮಹ್ರ್ ಕೊಟ್ಟೆ, ಇದ್ದತ್ತಿನ ಹಣ ಕೊಟ್ಟೆ, ಮುಗಿಯಿತು" ಎನ್ನುವವರಿದ್ದಾರೆ. ಬೆಂಗಳೂರಿನ ಒಂದು ಪ್ರಕರಣದಲ್ಲಿ ಮಹ್ರ್ 5,000 ರೂಪಾಯಿ, ತಲಾಕ್ 1991ರಲ್ಲಿ. ತಿಂಗಳಿಗೆ 3,000 ರೂಪಾಯಿ ಜೀವನಾಂಶದ ಆದೇಶ ಆ ಮಹಿಳೆಗೆ ಸಿಕ್ಕಿದ್ದು 2011ರಲ್ಲಿ. ನಡುವಿನ ಇಪ್ಪತ್ತು ವರ್ಷ ಅವಳು ಹೇಗೆ ಬದುಕಿದಳೆಂದು ಜಮಾಅತಿನ ಯಾರಾದರೂ ಕೇಳಿದ್ದರೇ? 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಪತಿಯ ಅರ್ಜಿಯನ್ನು 25,000 ರೂಪಾಯಿ ವೆಚ್ಚ ಸಹಿತ ತಳ್ಳಿಹಾಕಿತು. 2024ರ ಜುಲೈ 10ರಂದು ಸುಪ್ರೀಂ ಕೋರ್ಟ್, ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಇತರರಂತೆ ಮ್ಯಾಜಿಸ್ಟ್ರೇಟರಲ್ಲಿ ಜೀವನಾಂಶ ಕೇಳಬಹುದೆಂದು ಸ್ಪಷ್ಟಪಡಿಸಿದೆ. ತಲಾಕ್ ಆದವರಿಗೆ ಸಂಪ್ರದಾಯಾನುಸಾರ ಏನಾದರೂ ಕೊಟ್ಟು ಕಳಿಸುವುದು ಭಯಭಕ್ತಿಯುಳ್ಳವರ ಮೇಲಿನ ಹಕ್ಕೆಂದು ಅಲ್‌ಬಕರಾ ಅಧ್ಯಾಯದಲ್ಲಿ ಓದುವ ನಾವು ಈ ತೀರ್ಪು ಕೇಳಿ ಬೆಚ್ಚಿಬೀಳಬೇಕಾಗಿರಲಿಲ್ಲ. ಮಕ್ಕಳ ಖರ್ಚಂತೂ ಅವರು ಯಾರ ಬಳಿ ಇದ್ದರೂ ತಂದೆಯದ್ದೇ.

ತಲಾಕನ್ನೂ ಕೊಡದೆ, ಖರ್ಚನ್ನೂ ಕೊಡದೆ ಪತ್ನಿಯನ್ನು ತೂಗುಬಿಟ್ಟವರ ಕತೆ ಬೇರೆ. ಎರಡು ವರ್ಷ ಖರ್ಚು ಕೊಡದಿದ್ದರೆ, ನಾಲ್ಕು ವರ್ಷ ಪತಿಯ ಪತ್ತೆಯೇ ಇಲ್ಲದಿದ್ದರೆ, 1939ರ ಕಾನೂನಿನಡಿ ಅವಳು ನ್ಯಾಯಾಲಯದಿಂದ ವಿವಾಹ ರದ್ದತಿ ಪಡೆಯಬಹುದು.

ಇನ್ನು ರಸ್ತೆ ಅಪಘಾತ. ಗಣಿಯ ಊರಿಗೆ 'ಪರಿಹಾರ' ಎಂಬ ಶಬ್ದ ಹೊಸದಲ್ಲ; ನೆಲದಡಿ ಬಂಡೆ ಸಿಡಿದು ಸತ್ತವರ ಮನೆಗಳು ಅದನ್ನು ಚೆನ್ನಾಗಿ ಬಲ್ಲವು. ಆದರೂ ಆಸ್ಪತ್ರೆಯ ಬಾಗಿಲಲ್ಲೇ ಯಾರೋ ಬಂದು "ಎರಡು ಲಕ್ಷ ಕೊಡಿಸುತ್ತೇನೆ, ಸಹಿ ಹಾಕಿ" ಎಂದಾಗ ನಮ್ಮವರು ಸಹಿ ಹಾಕಿಬಿಡುತ್ತಾರೆ. ಒಂದು ಲೆಕ್ಕ ನೋಡಿ. ತೀರಿಕೊಂಡವನಿಗೆ 32 ವರ್ಷ, ಸ್ವಂತ ದುಡಿಮೆಯಿಂದ ತಿಂಗಳಿಗೆ 15,000 ರೂಪಾಯಿ. ಮನೆಯಲ್ಲಿ ಪತ್ನಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟಿನ ಸೂತ್ರದಂತೆ ಮುಂದಿನ ಗಳಿಕೆಗಾಗಿ ಶೇ. 40 ಸೇರಿಸಿದರೆ 21,000. ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿಗೆ ಗುಣಿಸುವ ಸಂಖ್ಯೆ 16. ಒಟ್ಟು 30,24,000 ರೂಪಾಯಿ. ಅಂತ್ಯಕ್ರಿಯೆಯ ಖರ್ಚು ಇತ್ಯಾದಿ ಬೇರೆ. ಮೃತನದೇ ತಪ್ಪಿದ್ದರೆ ಅಥವಾ ಆದಾಯಕ್ಕೆ ದಾಖಲೆ ಇಲ್ಲದಿದ್ದರೆ ಮೊತ್ತ ಇಳಿಯಬಹುದು. ಆದರೆ ಎರಡು ಲಕ್ಷವೆಲ್ಲಿ, ಇದೆಲ್ಲಿ?

ಹಣ ಬಂದ ಮೇಲೆ ಇನ್ನೊಂದು ಪರೀಕ್ಷೆ. ಪತ್ನಿಗೆಷ್ಟು, ತಾಯಿಗೆಷ್ಟು, ಮಗುವಿಗೆಷ್ಟು ಎಂದು ನ್ಯಾಯಮಂಡಳಿಯೇ ಬರೆದಿರುತ್ತದೆ. "ವಿಧವೆಗೇಕೆ ಇಷ್ಟು ಹಣ, ನಮ್ಮಲ್ಲಿರಲಿ" ಎಂದು ಪಾಸ್‌ಬುಕ್ ಕೇಳುವ ಮೈದುನರು ಇಲ್ಲವೆಂದು ಎದೆ ಮುಟ್ಟಿ ಹೇಳಲಾರೆವು. ಅಪಘಾತವನ್ನೇ ಮಾಡದ ವಾಹನದ ನಂಬರು ಕೊಡುವುದು, ಲೈಸೆನ್ಸ್ ಇಲ್ಲದ ಹುಡುಗನ ಬದಲಿಗೆ ಇನ್ನೊಬ್ಬನನ್ನು ಚಾಲಕನೆಂದು ನಿಲ್ಲಿಸುವುದು, ಇವು ಸುಳ್ಳು ಸಾಕ್ಷ್ಯ. ಹಾಗೆ ಬಂದ ಹಣ ಹರಾಮ್. ವಾಹನ ಓಡಿಸಿದವನು ನಮ್ಮ ಮಗನೇ ಆಗಿ, ಅವನ ಪ್ರಮಾದದಿಂದ ಜೀವ ಹೋಗಿದ್ದರೆ? ವಿಮಾ ಕಂಪನಿ ಹಣ ಕಟ್ಟಿದ ಮಾತ್ರಕ್ಕೆ ಅವನ ಹೊಣೆ ತೀರದು. 92ನೇ ವಚನ ಹೇಳುವ ಪ್ರಾಯಶ್ಚಿತ್ತವಾಗಿ, ಬಿಡುಗಡೆಗೊಳಿಸಲು ಗುಲಾಮರಿಲ್ಲದ ಇಂದಿನ ದಿನಗಳಲ್ಲಿ, ಸತತ ಎರಡು ತಿಂಗಳ ಉಪವಾಸ ಅವನ ಮೇಲಿದೆ. ಇದನ್ನು ಮಗನಿಗೆ ತಿಳಿಸುವ ತಂದೆಯರು ವಿರಳ.

ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಗಾಯಾಳುವಾದರೆ ಗಾಯದ ಪ್ರಮಾಣಪತ್ರ ಮತ್ತು ಆಸ್ಪತ್ರೆಯ ಬಿಲ್ಲುಗಳು, ಸಂಬಳದ ಚೀಟಿ, ಮಕ್ಕಳ ಜನನ ಪತ್ರ, ಇವನ್ನು ಜೋಪಾನವಾಗಿಡಿ. ಅಪಘಾತ ಎಲ್ಲೇ ಆಗಿರಲಿ, ತಾವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವಿದೆ; ನಲ್ವತ್ತು ದಿನ ಕಳೆಯಲಿ, ವರ್ಷ ತುಂಬಲಿ ಎಂದು ಕಾಯಬೇಡಿ. ಗುದ್ದಿದ ವಾಹನ ಪತ್ತೆಯಾಗದಿದ್ದರೂ ಮರಣಕ್ಕೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯುವ ಸಹೋದರಿಯರು ತಾಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದುಕೊಡಲಿ. 1987ರ ಕಾನೂನಿನಂತೆ ಮಹಿಳೆಯರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಹೋಗಿ ಬರಲಾಗದವರು 15100ಕ್ಕೆ ಫೋನ್ ಮಾಡಬಹುದು.