ಬರದ ಪುಟ

ಹಣೆಬರಹ ಬರೆಯುವವನು ಬ್ರಹ್ಮ, ಬರೆದದ್ದನ್ನು ಅಳಿಸಲಾಗದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಜೀವಕೋಶದೊಳಗೂ ಒಬ್ಬ ಬ್ರಹ್ಮನಿದ್ದಾನೆ. ಹಣ್ಣು ನೊಣದ ಒಂದು ವಂಶವಾಹಿಗೆ ಅಮೆರಿಕದ ವಿಜ್ಞಾನಿಗಳು ಇಟ್ಟ ಹೆಸರೇ ‘ಬ್ರಹ್ಮ’. ಅದರ ರಚನೆಯ ವಿವರ 1992ರಲ್ಲಿ ಪ್ರಕಟವಾಯಿತು. ಅದೇ ಬಗೆಯದು ಗಿಡದಲ್ಲಿ ಸಿಕ್ಕಾಗ ಅದಕ್ಕೂ ಅದೇ ಹೆಸರಾಯಿತು.

ಈ ಬ್ರಹ್ಮ ಮಾತ್ರ ಏನನ್ನೂ ಬರೆಯುವುದಿಲ್ಲ. ಬರಹ ಡಿಎನ್‌ಎಯಲ್ಲಿ ಮೊದಲೇ ಇದೆ. ಆ ಉದ್ದನೆಯ ಎಳೆ ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ; ಎರಡೂ ಸೇರಿದರೆ ಕ್ರೊಮ್ಯಾಟಿನ್. ಬಿಗಿಯಾಗಿ ಸುತ್ತಿದ ಕಡೆ ಬರಹವಿದ್ದರೂ ಓದಲಾಗದು. ಬ್ರಹ್ಮ ಪ್ರೋಟೀನು ಉಂಡೆಗಳನ್ನು ಸರಿಸಿ ಒಂದೆಡೆ ಪುಟ ತೆರೆಯುತ್ತದೆ, ಇನ್ನೊಂದೆಡೆ ಮುಚ್ಚುತ್ತದೆ.

ನೀರು ಬತ್ತಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಪತ್ರರಂಧ್ರಗಳು ಮುಚ್ಚುತ್ತವೆ, ಬೆಳವಣಿಗೆ ಕುಗ್ಗುತ್ತದೆ. ಸಾಸಿವೆಯ ಬಳಗದ ಪುಟ್ಟ ಕಳೆಗಿಡ ಅರಾಬಿಡಾಪ್ಸಿಸ್‌ನಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೋರಿಸ್ ವ್ಯಾಗ್ನರ್ ಬಳಗ 2012ರಲ್ಲಿ ತೋರಿಸಿದ್ದು ಇದು: ಬರವಿಲ್ಲದ ದಿನಗಳಲ್ಲಿ ಈ ಹಾರ್ಮೋನಿನ ಆಜ್ಞೆಯನ್ನು ನಡೆಸುವ ಒಂದು ಮುಖ್ಯ ವಂಶವಾಹಿಯನ್ನು ಮುಚ್ಚಿಡುವವನು ಬ್ರಹ್ಮ. ಬರ ಬಂದರೆ ಹಾರ್ಮೋನಿನ ಸಂದೇಶವೇ ಆ ಹಿಡಿತವನ್ನು ಸಡಿಲಿಸುತ್ತದೆ. ಬ್ರಹ್ಮನಿಲ್ಲದ ಗಿಡಗಳು ಬರವನ್ನು ಉಳಿದವಕ್ಕಿಂತ ಚೆನ್ನಾಗಿ ತಾಳುತ್ತವೆ. ಆದರೆ ನೀರಿರುವಾಗಲೂ ಕುಳ್ಳಾಗಿಯೇ ಉಳಿಯುತ್ತವೆ.

ಇದನ್ನು ಓದಿದಾಗ ನನಗೆ ಹೊಳೆದದ್ದು ನಮ್ಮ ಸ್ಟರ್ಲಿಂಗ್‌ನ ಮನೆಗಳು. ಪಾವಗಡ, ಚಿತ್ರದುರ್ಗದ ಬರ ಕಂಡವರು ಪೊಟೊಮ್ಯಾಕ್ ನದಿಯ ಹತ್ತಿರ ಬಂದು ನೆಲೆಸಿದ್ದೇವೆ. ಮೊದಲ ವರ್ಷಗಳಲ್ಲಿ ಇಲ್ಲೂ ಒಂದು ಬರವಿತ್ತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಸಿಗುವ ಅವಕಾಶ ಹೆಚ್ಚೆಂದರೆ 60 ದಿನ. ಆಗ ಕೈ ಬಿಗಿಹಿಡಿದದ್ದು, ಎದುರು ಮಾತಾಡದೆ ದುಡಿದದ್ದು ವಿವೇಕ. ಆದರೆ ಗ್ರೀನ್ ಕಾರ್ಡ್ ಬಂದು, ಮನೆಯ ಸಾಲ ತೀರಿದ ಮೇಲೂ ಮಗಳು ಚಿತ್ರಕಲೆ ಓದುತ್ತೇನೆಂದರೆ ಎದೆ ಝಲ್ಲೆನ್ನುತ್ತದೆ. ಊರಿನ ನೆಂಟ ಫೀಸಿಗೆ ಹಣ ಕೇಳಿದರೆ ನಾಲಗೆ ತಡವರಿಸುತ್ತದೆ. ಮಳೆ ಬಂದಿದೆ, ಬರದ ಪುಟ ಮುಚ್ಚಿಲ್ಲ.

ಇದಕ್ಕೆ ನಾವು ಹೊಣೆಯೋ, ಹಣೆಬರಹ ಹೊಣೆಯೋ? ಗಿಡದಿಂದ ಮನುಷ್ಯನಿಗೆ ನೇರವಾಗಿ ನೀತಿ ಎತ್ತಿಕೊಳ್ಳುವುದು ಸರಿಯಲ್ಲ. ಗಿಡಕ್ಕೆ ಆಯ್ಕೆಯಿಲ್ಲ, ಹಾಗಾಗಿ ತಪ್ಪೂ ಇಲ್ಲ. ನಮಗೆ ಭಯ ಬಂದದ್ದು ತಪ್ಪಲ್ಲ. ಆ ಭಯ ಬರಕ್ಕೆ ಸೇರಿದ್ದು ಎಂದು ತಿಳಿದ ಮೇಲೂ ಅದಕ್ಕೆ ಜಾಣತನವೆಂಬ ಹೆಸರಿಟ್ಟು ಮಕ್ಕಳಿಗೆ ಉಪದೇಶಿಸಿದರೆ ಅದು ತಪ್ಪು. ಅವರ ಪಾಲಿಗೆ ಬಿಸಿಲು ಮಳೆ ಎರಡೂ ನಾವೇ. ಬರವನ್ನೇ ಕಾಣದ ಸಸಿಗೆ ದಿನವೂ ಬರದ ಸುದ್ದಿ ಹೇಳಿದರೆ ಅದು ಕುಳ್ಳಾಗದೆ ಇನ್ನೇನು?

ಆ ಪುಟವನ್ನು ಹರಿದೆಸೆಯಬೇಕಿಲ್ಲ. ನಾಳೆ ನಿಜವಾಗಿಯೂ ನೀರು ಬತ್ತಿದರೆ ಅದೇ ಕಾಯುತ್ತದೆ. ಎಲ್ಲಿದೆ ಎಂದು ಮಕ್ಕಳಿಗೆ ತೋರಿಸಿ, ಮುಚ್ಚಿಡುವುದಷ್ಟೇ ನಮ್ಮ ಕೆಲಸ.